ಶಾಲೆಯಿಂದ ಹೊಗಳಿಕೆಯ ಫೋನು

ನನ್ನ ಕೈಚೀಲಕ್ಕೆ ಇರುವೆ ಹತ್ತುವುದು ನಿಂತು ಈಗ ಎರಡು ವರ್ಷವಾಗುತ್ತ ಬಂತು. ಅದಕ್ಕೆ ಮೊದಲು ಆ ಚೀಲ ಇರುವೆಗಳ ತವರುಮನೆಯಂತಿತ್ತು. ಬಸ್ಸಿನಲ್ಲಿ ಆಧಾರ ಕಾರ್ಡು ತೆಗೆದು ತೋರಿಸಿದರೆ ನನ್ನ ಫೋಟೊದ ಮೇಲೆ ಗಲ್ಲದಿಂದ ಹಣೆಯವರೆಗೆ ಇರುವೆಗಳ ಸಾಲು ನಡೆದಿರುತ್ತಿತ್ತು. ಒಮ್ಮೆ ಕಂಡಕ್ಟರು ಅದನ್ನು ನೋಡಿ, "ಅಕ್ಕಾರ, ಇವುಕ್ಕೂ ಫ್ರೀ ಟಿಕೀಟ್ ಹರೀಲೇನ್ರಿ?" ಎಂದು ಕೇಳಿದ್ದ. ಬಸ್ಸಿಗೆ ಬಸ್ಸೇ ನಕ್ಕಿತ್ತು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು? ಇರುವೆ ಹತ್ತಿದ್ದು ಚೀಲದಲ್ಲಿದ್ದ ಪೆಪ್ಪರಮಿಂಟಿಗೆ. ಪೆಪ್ಪರಮಿಂಟು ಇದ್ದದ್ದು ನನ್ನ ಪಾಠಕ್ಕೆ.

ನಾನು ನವಲಗುಂದದಿಂದ ದಿನಾಲು ಬಸ್ಸು ಹತ್ತಿ, ಮೊರಬದ ಆಚೆಗಿನ ಒಂದು ಹಳ್ಳಿಗೆ ಹೋಗಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು ಊರಿಗೆಲ್ಲ ‘ಅಕ್ಕಾರ’. ಆರು ವರ್ಷದ ಕೂಸಿಗೂ ಅಕ್ಕಾರ, ಅದರ ಮುತ್ತಜ್ಜನಿಗೂ ಅಕ್ಕಾರ. ಇಷ್ಟೊಂದು ತಮ್ಮ ತಂಗಿಯರನ್ನು ಬರಿಗೈಯಲ್ಲಿ ನೋಡುವುದು ಹೇಗೆ ಎಂದು ನಾನು ಸೇರಿದ ಹೊಸದರಲ್ಲೇ ಪೆಪ್ಪರಮಿಂಟಿನ ರೂಢಿ ಮಾಡಿದೆ. ಮಗ್ಗಿ ಹೇಳಿದರೆ ಒಂದು, ಪದ್ಯ ಹೇಳಿದರೆ ಒಂದು. ಬರುಬರುತ್ತ ಮಕ್ಕಳು ಬಾಯಿ ತೆರೆಯುವ ಮೊದಲೇ ಕೈ ಚಾಚತೊಡಗಿದರು. "ಏಳೆಂಟಲೆ ಎಷ್ಟು?" ಎಂದು ಕೇಳಿದರೆ, "ಇವತ್ತು ಯಾವುದೈತ್ರಿ ಅಕ್ಕಾರ, ಹಸರದೋ ಕೆಂಪದೋ?" ಎಂಬ ಮರುಪ್ರಶ್ನೆ. ಹಸಿರು ಇದ್ದ ದಿನ ಲೆಕ್ಕ ಯಾರಿಗೂ ಬರುತ್ತಿರಲಿಲ್ಲ, ಯಾಕೆಂದರೆ ಹಸಿರು ಖಾರ.

ಈ ವ್ಯವಹಾರ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಅಷ್ಟರಲ್ಲಿ ಶಾಲೆಗೆ ಹಲ್ಲಿನ ಡಾಕ್ಟರು ಬಂದರು. ಮಕ್ಕಳ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದ ಆ ಸಣ್ಣ ವಯಸ್ಸಿನ ಡಾಕ್ಟರು, ನನ್ನ ತರಗತಿಯ ಸಾಲಿಗೆ ಬಂದೊಡನೆ ಬೆಚ್ಚಿದಂತೆ ಕಂಡಿತು. ಹೊರಗೆ ಬಂದು ಎಲ್ಲರ ಎದುರಿಗೆ, "ಈ ಊರಾಗ ಸಿಹಿ ಮಾರೋರು ಯಾರು?" ಎಂದು ಕೇಳಿದರು. ಮಕ್ಕಳು ಎದುರಿನ ಕಿರಾಣಿ ಅಂಗಡಿಯನ್ನು ತೋರಿಸುತ್ತಾರೆ ಎಂದು ನಾನು ಅತ್ತ ನೋಡುತ್ತ ನಿಂತಿದ್ದೆ. ತಿರುಗಿ ನೋಡಿದರೆ ಇಡೀ ನಾಲ್ಕನೆಯ ತರಗತಿ ನನ್ನ ಕಡೆಗೆ ಬೆರಳು ಚಾಚಿ ನಿಂತಿತ್ತು.

ಮರುದಿನವೇ ನಮ್ಮ ಹೆಡ್‌ಮಾಸ್ತರು ಸಿಹಿ ಬಂದ್ ಎಂದು ಸಾರಿದರು. ಅವರ ಅಡ್ಡಹೆಸರು ಅಂಗಡಿ. ಅಂಗಡಿ ಎಂಬ ಹೆಸರು ಇಟ್ಟುಕೊಂಡವರೇ ಪೆಪ್ಪರಮಿಂಟಿನ ಬಾಗಿಲು ಹಾಕಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಸರಕಾರ ಹಾಲು ಕೊಡ್ತೈತಿ, ಊಟ ಕೊಡ್ತೈತಿ, ತತ್ತಿ ಕೊಡ್ತೈತಿ. ನೀವು ಬ್ಯಾರೆ ಏನರೆ ಕೊಡ್ರಿ ಅಕ್ಕಾರ, ತಿನ್ನೂದು ಮಾತ್ರ ಬ್ಯಾಡ," ಎಂದರು.

ಬೇರೆ ಏನು ಕೊಡುವುದು? ಕೇಳಲು ಸುಲಭ. ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು ಸಿಹಿಯಿಲ್ಲದೆ ಸಂತೋಷ ಹೇಳುವುದು ಎಂದರೆ ಕೈ ಕಟ್ಟಿಸಿಕೊಂಡು ಈಜಿದ ಹಾಗೆ. ಇಲ್ಲಿ ಹುಡುಗ ಪಾಸಾದ ಎಂದರೆ ಎಷ್ಟು ಮಾರ್ಕು ಬಿತ್ತು ಎಂದು ಯಾರೂ ಕೇಳುವುದಿಲ್ಲ, ಪೇಢೆ ಎಲ್ಲಿ ಎಂದು ಕೇಳುತ್ತಾರೆ. ನಾನು ಆಗ ಭಾಷೆಯ ಕಡೆಯಿಂದಲೂ ಸ್ವಲ್ಪ ಯೋಚಿಸಿ ನೋಡಿದೆ, ಎಷ್ಟಾದರೂ ಮಾಸ್ತರಿಕೆಯ ಚಟ. ಹಿಂದಿನ ಕಾಲದ ಅರಸರು ಮೆಚ್ಚಿ ಕೊಡುತ್ತಿದ್ದದ್ದು ಉಂಬಳಿ. ಕೊಡುವುದು ಹೊಲ, ಆದರೆ ಹೆಸರಿನೊಳಗೆ ಕೂತಿರುವುದು ಉಣ್ಣುವ ಮಾತು. ಶಿಕ್ಷೆಯಾದರೂ ಬೇರೆಯೇ? ನಾವು ಪೆಟ್ಟನ್ನೂ ತಿನ್ನುತ್ತೇವೆ. ಮೆಚ್ಚಿದರೂ ಹೊಟ್ಟೆಗೆ, ಸಿಟ್ಟಾದರೂ ಹೊಟ್ಟೆಗೆ. ಇದ್ದದ್ದರಲ್ಲಿ ಬಹುಮಾನ ಎಂಬ ಒಂದು ಪದ ಮಾತ್ರ ಸಭ್ಯವಾಗಿದೆ. ಬಹಳ ಮಾನ ಎಂದಷ್ಟೇ ಅದರ ಅರ್ಥ, ಅದರಲ್ಲಿ ಬಾಯಿಗೆ ಹಾಕುವಂಥದ್ದು ಏನೂ ಇಲ್ಲ. ಆದರೆ ಇದನ್ನು ನಾಲ್ಕನೆಯ ತರಗತಿಗೆ ವಿವರಿಸಿ ನೋಡಿ.

ನಾನು ಮೊದಲು ಹಿಡಿದದ್ದು ಕೆಂಪು ಪೆನ್ನು. ಸರಿ ಉತ್ತರ ಹೇಳಿದವರ ಅಂಗೈ ಮೇಲೆ ಒಂದು ನಕ್ಷತ್ರ ಬರೆಯುವುದು ಎಂದು ಯೋಚನೆ. ಆದರೆ ನಮ್ಮ ಮಕ್ಕಳಿಗೆ ನಕ್ಷತ್ರ ಎಂಬುದು ಪುಸ್ತಕದ ಮಾತು. ಆಕಾಶದಲ್ಲಿ ಮಿನುಗುವುದಕ್ಕೆ ನಾವು ಚಿಕ್ಕಿ ಎನ್ನುತ್ತೇವೆ. ಹಾಗಾಗಿ ತಿಳಿಯಲಿ ಎಂದು, "ಇವತ್ತಿನಿಂದ ಉತ್ತರ ಹೇಳಿದವ್ರಿಗೆ ಒಂದೊಂದು ಚಿಕ್ಕಿ!" ಎಂದು ಸಾರಿದೆ. ತರಗತಿಯಲ್ಲಿ ಸಂಭ್ರಮ ಎಂದರೆ ಸಂಭ್ರಮ. ಅಷ್ಟು ಕೈಗಳು ಒಮ್ಮೆಗೇ ಎದ್ದದ್ದನ್ನು ನಾನು ನೋಡಿರಲಿಲ್ಲ. ಮೊದಲು ಸರಿ ಉತ್ತರ ಹೇಳಿದವಳು ಭಾಗ್ಯಾ ಎಂಬ ಹುಡುಗಿ. ಅವಳ ಉತ್ತರ ಸರಿಯಾಗುವುದೇ ಅಪರೂಪ. ಅಂಗೈ ಚಾಚಿದಳು, ನಾನು ಬರೆದೆ. ಅವಳು ಅಂಗೈಯನ್ನು ಆಚೆ ಈಚೆ ಹೊರಳಿಸಿ ನೋಡಿ, ಕೊನೆಗೆ ನಾಲಿಗೆ ಚಾಚಿ ನೆಕ್ಕಿ, ಇಡೀ ತರಗತಿಗೆ ತೀರ್ಪು ಕೊಟ್ಟಳು: "ಇದು ಶೇಂಗಾ ಚಿಕ್ಕಿ ಅಲ್ರಲೇ!" ಎದ್ದ ಕೈಗಳೆಲ್ಲ ಇಳಿದವು.

ಹಾಗೂ ಹೀಗೂ ಆ ಚಿಕ್ಕಿಗೆ ಮಕ್ಕಳು ಹೊಂದಿಕೊಂಡರು. ಎಷ್ಟು ಹೊಂದಿಕೊಂಡರು ಎಂದರೆ ಅದು ಅಳಿಸಬಾರದೆಂದು ಸ್ನಾನ ಬಿಟ್ಟರು. ಒಬ್ಬ ತಾಯಿ ಶಾಲೆಗೇ ಬಂದು, "ಅಕ್ಕಾರ, ಕೈಮ್ಯಾಲ ಏನ್ ಬರದ್ರ್ಯೋ, ಮೂರ ದಿನ ಆತು ಜಳಕ ಮಾಡವಲ್ಲ. ಬಾಜೂ ಕುಂದ್ರಾಕ ಆಗವಲ್ದು," ಎಂದು ನನ್ನ ಮೇಲೆ ಹರಿಹಾಯ್ದಳು. ಅವಳ ಸಿಟ್ಟು ಇಳಿಸಲು ನಾನು, "ಆದ್ರ ನಿಮ್ಮ ಹುಡುಗ ಪದ್ಯ ಎಷ್ಟ್ ಛಂದ ಹೇಳ್ತಾನ್ರಿ," ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು, ಆದರೆ ನಿಜದ ಮಾತು. ಆ ತಾಯಿ ಬೈಗುಳದ ನಡುವೆಯೇ ನಿಂತಳು. ಸೆರಗು ಸರಿಮಾಡಿಕೊಂಡಳು. "ಹೌದ್ರ್ಯಾ?" ಎಂದಳು. ಬಂದ ಕೆಲಸ ಮರೆತು ಹೋದಳು. ಮರುದಿನ ಆ ಹುಡುಗ ಜಳಕ ಮಾಡಿ, ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಪದ್ಯದ ಪುಸ್ತಕವನ್ನು ಎದೆಗೊತ್ತಿಕೊಂಡು ಬಂದ.

ಬಹುಮಾನ ಸಿಕ್ಕಿತು ಎಂದುಕೊಂಡೆ. ಮಕ್ಕಳು ಏನಾದರೂ ಒಳ್ಳೆಯದು ಮಾಡಿದರೆ ಅವರ ಮನೆಗೆ ಫೋನು ಮಾಡಿ ಹೇಳಿಬಿಡುವುದು. ಕೊಳೆಯುವುದಿಲ್ಲ, ಹಲ್ಲು ಹುಳುಕುವುದಿಲ್ಲ, ಇರುವೆ ಹತ್ತುವುದಿಲ್ಲ. ನನ್ನ ಬುದ್ಧಿಗೆ ನಾನೇ ಬೆರಗಾದೆ. ಶಾಲೆಯಿಂದ ಮನೆಗೆ ಫೋನು ಹೋದರೆ ನಮ್ಮ ಹಳ್ಳಿಗಳಲ್ಲಿ ಅದರ ಅರ್ಥವೇನು ಎಂಬುದು ಮಾತ್ರ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ಫೋನು ಶಿವಾನಂದನ ಮನೆಗೆ. ಅವನಿಗೆ ಭಾಗಾಕಾರ ತಿಳಿದದ್ದಷ್ಟೇ ಅಲ್ಲ, ತಿಳಿಯದೆ ಅಳುತ್ತಿದ್ದ ಬಾಜೂ ಹುಡುಗನಿಗೆ ಬೇವಿನ ಬೀಜಗಳನ್ನು ಪಾಲು ಮಾಡಿ ತೋರಿಸಿ ತಿಳಿಸಿಕೊಟ್ಟಿದ್ದ. ಊಟದ ಬಿಡುವಿನಲ್ಲಿ ಅವನ ಅಪ್ಪ ಫಕ್ಕೀರಪ್ಪನಿಗೆ ಫೋನು ಹಚ್ಚಿದೆ.

"ಫಕ್ಕೀರಪ್ಪನವರೇನ್ರಿ? ನಾ ಶಾಲಿ ಅಕ್ಕಾರ ಮಾತಾಡೂದು."

ಆ ಕಡೆಯಿಂದ ಮೊದಲ ಮಾತೇ, "ಏನ್ ಮುರದಾನ್ರಿ?"

"ಏನೂ ಮುರದಿಲ್ರಿ, ನಾ ಏನ್ ಹೇಳಾಕ..."

"ಹಂಗಾರ ಯಾರ ತಲಿ ಒಡದಾನ? ತಡೀರಿ, ನಾ ಬಂದ್ನಿ!"

ಫೋನು ಬಂದ್. ನಾನು ತಿರುಗಿ ಮಾಡಿದರೆ ಎತ್ತುವವರಿಲ್ಲ. ಸ್ವಲ್ಪ ಹೊತ್ತಿಗೆ ಶಾಲೆಯ ಬಾಗಿಲಿಗೆ ಟ್ರ್ಯಾಕ್ಟರು ಬಂದು ನಿಂತಿತು. ಕಡಲೆ ಬಿತ್ತುವ ಕೆಲಸ ಬಿಟ್ಟು ಬಂದ ಫಕ್ಕೀರಪ್ಪ ಇಳಿದ. ಜೊತೆಗೆ ಅವನ ಅಣ್ಣ ಇಳಿದ. ಏನಾದರೂ ರಾಜಿ ಮಾಡಿಸುವ ಪ್ರಸಂಗ ಬಂದರೆ ಇರಲಿ ಎಂದು ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರನ್ನೂ ಕರೆತಂದಿದ್ದರು. ಮೂವರೂ ಕಾಲಿಗೆ ಹತ್ತಿದ ಎರೆಮಣ್ಣನ್ನು ಕಲ್ಲಿಗೆ ತಿಕ್ಕಿ, ನನ್ನನ್ನು ಮಾತಾಡಿಸುವ ಮೊದಲೇ ಕಿಟಕಿಯ ಗಾಜು, ನೀರಿನ ನಳ, ಧ್ವಜದ ಕಂಬ ಎಲ್ಲ ನೋಡಿಕೊಂಡು ಬಂದರು.

ನಾನು ಇದ್ದ ಸಂಗತಿ ಹೇಳಿದೆ. ಭಾಗಾಕಾರ, ಬಾಜೂ ಹುಡುಗ, ಬೇವಿನ ಬೀಜ. ಫಕ್ಕೀರಪ್ಪ ಕೇಳಿ ಮುಗಿಸಿ ನನ್ನ ಮುಖವನ್ನೇ ನೋಡುತ್ತ ನಿಂತ.

"ಆದ್ರ?" ಎಂದ ಕೊನೆಗೆ.

"ಆದ್ರ ಏನಿಲ್ರಿ. ಇಷ್ಟ."

"ಬರೇ ಇಷ್ಟ ಹೇಳಾಕ ಫೋನ್ ಮಾಡಿದ್ರ್ಯಾ?"

ನನಗೆ ಅವನ ಮೇಲೆ ನಗು ಬರಲಿಲ್ಲ. ಮಾಸ್ತರ ಮಂದಿಯ ಹೊಗಳಿಕೆಗೆ ಯಾವಾಗಲೂ ಒಂದು ಬಾಲ ಇರುತ್ತದೆ. ಹುಡುಗ ಶಾಣ್ಯಾ, ಆದರೆ ಲಕ್ಷ್ಯವಿಲ್ಲ. ಹುಡುಗಿ ಛಲೋ, ಆದರೆ ಅಕ್ಷರ ಕೆಟ್ಟ. ಆ ಬಾಲಕ್ಕಾಗಿ ಕಾಯುವುದನ್ನು ನಾವೇ ಅವರಿಗೆ ಕಲಿಸಿದ್ದೇವೆ. ಬಾಲವಿಲ್ಲ ಎಂದು ಖಾತ್ರಿಯಾದ ಮೇಲೆ ಫಕ್ಕೀರಪ್ಪ ಅಣ್ಣನ ತೋಳು ಹಿಡಿದು ಮುಂದೆ ಎಳೆದು, "ಇವ ನಮ್ಮಣ್ಣ. ಇವಗೂ ಒಮ್ಮೆ ಹೇಳಿಬಿಡ್ರಿ," ಎಂದ. ಹೇಳಿದೆ. ಹಿರಿಯರಿಗೆ ಕಿವಿ ಮಂದ, ಅವರಿಗೆ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಇಷ್ಟರಲ್ಲಿ ಶಿವಾನಂದನೇ ಕಾಣೆಯಾಗಿದ್ದ. ಅಪ್ಪನ ಟ್ರ್ಯಾಕ್ಟರಿನ ಸದ್ದು ಗುರುತು ಹಿಡಿದವನು ಹಿಂದಿನ ಬಾಗಿಲಿಂದ ಓಡಿ ಬೇವಿನ ಗಿಡ ಹತ್ತಿ ಕೂತಿದ್ದ. ಎಲ್ಲರೂ ಗಿಡದ ಬುಡಕ್ಕೆ ಹೋದೆವು.

"ಇಳಿಯಲೇ ಶಿವ್ಯಾ, ಅಕ್ಕಾರ ನಿನ್ನ ಹೊಗಳ್ಯಾರ!" ಎಂದು ಅಪ್ಪ ಕೂಗಿದ.

"ಸುಳ್ಳು! ನೀ ಹೊಡಿತಿ!" ಎಂದು ಕೊಂಬೆಯಿಂದ ಉತ್ತರ ಬಂತು.

"ಇಲ್ಲಲೇ, ಖರೇನ ಹೊಗಳ್ಯಾರ!"

"ನೀ ಮೊದ್ಲ ಟ್ರ್ಯಾಕ್ಟರ್ ತಗೊಂಡು ಮನಿಗಿ ಹೋಗು, ಆಮ್ಯಾಲ ಇಳೀತೇನಿ."

ಫಕ್ಕೀರಪ್ಪನ ತಾಳ್ಮೆ ಮುಗಿಯಿತು. "ಈಗ ಇಳೀದಿದ್ರ ನೋಡು, ನಿನ್ನ ಹೊಗಳ್ಯಾರಂತ ಹೇಳೂದು ತಿಳಿಯೂದಿಲ್ಲೇನು, ಕಾಲ ಮುರಿತೇನಿ!" ಎಂದ. ಹುಡುಗ ಇನ್ನೊಂದು ಕೊಂಬೆ ಮೇಲೆ ಹೋದ. ಇಡೀ ಶಾಲೆ ಸುತ್ತ ನಿಂತು ನೋಡುತ್ತಿತ್ತು. ಕೊನೆಗೆ ನಾನೇ ತಲೆ ಮೇಲೆತ್ತಿ, ಭಾಗಾಕಾರದ ಸಂಗತಿಯನ್ನು ನಾಲ್ಕನೆಯ ಸಲ, ಎಲೆಗಳ ನಡುವೆ ಕಾಣುತ್ತಿದ್ದ ಎರಡು ಪಾದಗಳಿಗೆ ಹೇಳಿದೆ. ಪಾದಗಳು ಸ್ವಲ್ಪ ಯೋಚಿಸಿ ಇಳಿದವು. ಅಪ್ಪ ಕೈ ಎತ್ತಿದಾಗ ಹುಡುಗ ಕಣ್ಣು ಮುಚ್ಚಿದ. ಆ ಕೈ ಅವನ ಕೂದಲಲ್ಲಿ ಸಿಕ್ಕಿದ್ದ ಬೇವಿನ ಎಲೆಯೊಂದನ್ನು ತೆಗೆದು ಹಾಕಿ ಕೆಳಗಿಳಿಯಿತು. ಅಷ್ಟೇ. ಆಮೇಲೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯದೆ ಫಕ್ಕೀರಪ್ಪ ಅದನ್ನು ಕಿಸೆಯೊಳಗೆ ತುರುಕಿದ.

ಈ ಗಿಡದ ಪ್ರಸಂಗದ ಪರಿಣಾಮವಾಗಿ ಒಂದು ವಾರ ನನ್ನ ತರಗತಿಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ಗೊತ್ತಿದ್ದವರೂ ತುಟಿ ಬಿಗಿಹಿಡಿದರು. ಒಬ್ಬಳು ಮಾತ್ರ ಹತ್ತಿರ ಬಂದು ಪಿಸುಗುಟ್ಟಿದಳು: "ಉತ್ತರ ಹೇಳ್ತೇನ್ರಿ ಅಕ್ಕಾರ, ಆದ್ರ ಮನಿಗಿ ಫೋನ್ ಮಾಡಂಗಿಲ್ಲ ಅಂತ ಆಣಿ ಮಾಡ್ರಿ." ಲೋಕದಲ್ಲಿ ಬಹುಮಾನಕ್ಕೆ ಹೆದರಿ ಕಲಿಕೆ ನಿಲ್ಲಿಸಿದ ಮಕ್ಕಳು ಬೇರೆ ಎಲ್ಲಾದರೂ ಇದ್ದರೋ ಇಲ್ಲವೋ, ನನ್ನಲ್ಲಿ ಇದ್ದರು. ಅಂಗಡಿ ಸರ್ ನನ್ನ ತರಗತಿಯ ಮೌನವನ್ನು ಶಿಸ್ತು ಎಂದು ತಿಳಿದು ಬೇರೆ ಶಿಕ್ಷಕರಿಗೆ ತೋರಿಸಿದರು.

ಆದರೆ ಶಿವಾನಂದನ ಮನೆಯಲ್ಲಿ ಬೇರೆಯೇ ನಡೆದಿತ್ತು. ಅವನ ಅವ್ವ ಆ ರಾತ್ರಿ ಶಿರಾ ಮಾಡಿದ್ದಳಂತೆ. ನಾನು ಶಾಲೆಯ ಮುಂಬಾಗಿಲಿನಿಂದ ಅಟ್ಟಿದ ಸಕ್ಕರೆ ಮನೆಯ ಹಿತ್ತಿಲಿನಿಂದ ಒಳಗೆ ಬಂದಿತ್ತು. ಅದಕ್ಕೆ ನಾನೇನು ಮಾಡಲಿ? ಶಿರಾದ ಸುದ್ದಿ ಹಬ್ಬಿದ ಮೇಲೆ ಕೈಗಳು ಒಂದೊಂದಾಗಿ ಮೇಲೇಳತೊಡಗಿದವು. ಅದಕ್ಕಿಂತ ಹೆಚ್ಚಾಗಿ ಊರಿನ ದೊಡ್ಡವರಿಗೆ ಗಾಳಿ ಹತ್ತಿತು. ಬಸ್ಸಿಳಿದ ನನ್ನನ್ನು ನಿಲ್ಲಿಸಿ, "ನಮ್ಮ ಮನಿಗಿ ಇನ್ನೂ ಫೋನ್ ಬಂದಿಲ್ರಿ," ಎನ್ನುವವರು ಹೆಚ್ಚಾದರು. ಹಾಲಿನ ಡೇರಿಯ ಮುಂದೆ ಸಾಲಿನಲ್ಲಿ ನಿಂತವರು, ಯಾರ ಮನೆಗೆ ಬಂತು, ಏನು ಹೇಳಿದರು ಎಂದು ಮಾತಾಡಿಕೊಳ್ಳುತ್ತಿದ್ದರು.

ನಾನು ನನಗೇ ಒಂದು ನೇಮ ಹಾಕಿಕೊಂಡಿದ್ದೆ. ಹೇಳುವುದು ನಿಜ ಇರಬೇಕು, ಕಣ್ಣಾರೆ ಕಂಡದ್ದಿರಬೇಕು. ಯಾಕೆಂದರೆ ಎರಡನೆಯ ಫೋನಿನಲ್ಲೇ ಒಬ್ಬ ತಾಯಿಗೆ, "ನಿಮ್ಮ ಮಗಳು ಅಗದಿ ಛಲೋ ಅದಾಳ್ರಿ," ಎಂದಿದ್ದೆ. ಅವಳು ತಕ್ಷಣ, "ಛಲೋ ಅಂದ್ರ ಏನ್ ಛಲೋ?" ಎಂದು ಕೇಳಿ ನನ್ನ ಬಾಯಿ ಕಟ್ಟಿಸಿದಳು. ಇಷ್ಟು ವರ್ಷ ಮಕ್ಕಳನ್ನು ನಾನು ನೋಡಿದ್ದು ಹಾಜರಿ ಕರೆಯುವಾಗ, ಮತ್ತು ಗದ್ದಲ ಮಾಡಿದಾಗ. ಈಗ ಕನ್ನಡಕ ಒರೆಸಿಕೊಂಡು ನೋಡಬೇಕಾಯಿತು. ನೋಡಿದಷ್ಟೂ ಕಂಡಿತು. ಒಬ್ಬ ಬಿದ್ದ ಸೀಮೆಸುಣ್ಣದ ಚೂರುಗಳನ್ನು ಎತ್ತಿ ಡಬ್ಬಿಗೆ ಹಾಕುತ್ತಾನೆ. ಒಬ್ಬಳು ಊಟಕ್ಕೆ ಕೂಡುವಾಗ ಕಾಲು ಕುಂಟುವ ಗೆಳತಿಗೆ ಗೋಡೆಯ ಬದಿ ಬಿಡುತ್ತಾಳೆ. ಇವೆಲ್ಲ ನನ್ನ ಕಣ್ಣಮುಂದೆಯೇ ದಿನಾಲು ನಡೆಯುತ್ತಿದ್ದವು, ನಾನು ಪೆಪ್ಪರಮಿಂಟು ಹಂಚುವ ಗಡಿಬಿಡಿಯಲ್ಲಿದ್ದೆ.

ಹೀಗೆ ಒಂದೊಂದೇ ಮನೆ ಮುಗಿಸುತ್ತ ಬಂದೆ. ಉಳಿದದ್ದು ಭಾಗ್ಯಾಳ ಮನೆ.

ಚಿಕ್ಕಿಯನ್ನು ನೆಕ್ಕಿ ನೋಡಿದ ಆ ಹುಡುಗಿಯೇ. ಅವಳ ಅಪ್ಪ ಅವ್ವ ಕುರಿ ಹಿಂಡು ಹೊಡೆದುಕೊಂಡು ವರ್ಷದ ಬಹುಪಾಲು ಊರೂರು ತಿರುಗುತ್ತಾರೆ. ಊರಲ್ಲಿ ಅವಳು, ಅವಳು ಆಯಿ ಎನ್ನುವ ಅಜ್ಜಿ ದ್ಯಾಮವ್ವ, ನಾಲ್ಕೈದು ಆಡು. ಭಾಗ್ಯಾಳ ಬಗ್ಗೆ ಹೊಗಳುವಂಥದ್ದು ಏನು ಎಂದು ನಾನು ತಿಂಗಳುಗಟ್ಟಲೆ ಹುಡುಕಿದೆ. ಲೆಕ್ಕ ತಪ್ಪು. ಬರೆದದ್ದರಲ್ಲಿ ಒತ್ತಕ್ಷರಗಳು ತಮಗೆ ಬೇಕಾದ ಕಡೆ ಹೋಗಿ ಕೂತಿರುತ್ತವೆ. ಉಳಿದದ್ದೆಂದರೆ ಮಾತು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಶುರುವಾದರೆ ಸಂಜೆ ಗಂಟೆ ಹೊಡೆದ ಮೇಲೂ ಅವಳ ಮಾತು ರಸ್ತೆಯವರೆಗೆ ಕೇಳುತ್ತದೆ. ಬಾಯಿ ಮುಚ್ಚಿಸಲು ಅವಳನ್ನು ನಾನು ಎಲ್ಲ ಬೆಂಚುಗಳಲ್ಲೂ ಕೂಡಿಸಿ ನೋಡಿದ್ದೆ. ಎಲ್ಲಿ ಕೂಡಿಸಿದರೂ ಅಲ್ಲೊಂದು ಸಂತೆ ಸೇರುತ್ತಿತ್ತು.

ಒಂದು ದಿನ ದ್ಯಾಮವ್ವ ಆಡುಗಳನ್ನು ಗೇಟಿನ ಹೊರಗೆ ಬಿಟ್ಟು ಬಂದಳು. ಕೊರಳಿಗೆ ಹಾಕಿಕೊಂಡ ಅರಿವೆಯ ಚೀಲದಿಂದ ಗುಂಡಿ ಒತ್ತುವ ಸಣ್ಣ ಫೋನು ತೆಗೆದು ನನ್ನ ಕೈಗಿಟ್ಟಳು.

"ಯಕ್ಕಾರ, ಇದು ಕೆಟ್ಟೈತೇನ ನೋಡ್ರಿ ಒಂದೀಟು. ಎಲ್ಲಾರ ಮನಿಗೂ ಶಾಲಿ ಫೋನ್ ಬಂತಂತ. ನನಗ ಬರವಲ್ದು."

ನಾನು ಫೋನನ್ನು ಹಿಂದೆ ಮುಂದೆ ನೋಡಿದೆ. ಅದರಲ್ಲಿ ಏನೂ ದೋಷವಿರಲಿಲ್ಲ. ಅದನ್ನು ಹೇಳುವ ಧೈರ್ಯ ನನ್ನಲ್ಲಿರಲಿಲ್ಲ. "ನಿಮ್ಮ ಮನಿ ತಗ್ಗಿನ್ಯಾಗ ಐತೆಲ್ರಿ ಆಯಿ, ನೆಟ್ವರ್ಕ್ ಸಿಗೂದಿಲ್ಲ," ಎಂದುಬಿಟ್ಟೆ.

ಮರುದಿನದಿಂದ ದ್ಯಾಮವ್ವ ತನ್ನ ಆಡುಗಳನ್ನು ನೀರಿನ ಟಾಕಿಯ ಬಳಿಯ ದಿನ್ನೆಯ ಮೇಲೆ ಮೇಯಿಸತೊಡಗಿದಳು. ಊರಿನಲ್ಲಿ ಇದ್ದದ್ದರಲ್ಲಿ ಅದೇ ಎತ್ತರದ ಜಾಗ. ಅಲ್ಲಿ ಆಡು ಮೇಯುವಂಥದ್ದು ಏನೂ ಬೆಳೆಯುವುದಿಲ್ಲ. ನನ್ನ ತರಗತಿಯ ಕಿಟಕಿಯಿಂದ ಆ ದಿನ್ನೆ ನೇರ ಕಾಣುತ್ತದೆ. ಕಪ್ಪು ಹಲಗೆಯ ಕಡೆ ತಿರುಗಿದರೂ, ಮಕ್ಕಳ ಕಡೆ ತಿರುಗಿದರೂ, ಕಣ್ಣ ತುದಿಯಲ್ಲಿ ದಿನ್ನೆಯ ಮೇಲೆ ಒಂದು ಕೆಂಪು ಸೀರೆ, ಅದರ ಸುತ್ತ ಹಸಿದು ಒದರುವ ಆಡುಗಳು. ಆಡುಗಳ ಆ ಒದರಾಟ ನನ್ನನ್ನೇ ಬೈಯುತ್ತಿದೆ ಅನ್ನಿಸುತ್ತಿತ್ತು.

ಅಂಗಡಿ ಸರ್ ಕೂಡ ಅದನ್ನು ನೋಡಿದರು. "ಏನರ ಒಂದು ಹೇಳಿಬಿಡ್ರಿ ಅಕ್ಕಾರ. ಅಕ್ಷರ ದುಂಡಗದಾವ ಅನ್ರಿ. ಮುದುಕಿ ಕೆಳಗ ಇಳಿಲಿ," ಎಂದರು. ಎರಡು ಸಲ ಫೋನು ಕೈಗೆತ್ತಿಕೊಂಡೆ. ಆದರೆ ಹಾಗೆ ಹೇಳಿದ್ದರೆ ಅದೂ ಒಂದು ಪೆಪ್ಪರಮಿಂಟೇ ಆಗುತ್ತಿತ್ತು. ಅದಲ್ಲದೆ ಭಾಗ್ಯಾ ಮರುದಿನ ಬಂದು, "ಎಲ್ಲಿ ದುಂಡಗದಾವ್ರಿ?" ಎಂದು ಪಾಟಿ ಹಿಡಿದು ಕೇಳುವ ಹುಡುಗಿ.

ಆಗ ನಮ್ಮ ಶಾಲೆಗೆ ಹೊಸ ಹುಡುಗಿಯೊಬ್ಬಳು ಬಂದಳು, ಹೆಸರು ಕವಿತಾ. ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ದೂರದಿಂದ ಬಂದ ಮನೆಯವರ ಮಗಳು. ಬಂದ ದಿನದಿಂದ ಮಾತಿಲ್ಲ. ಹೆಸರು ಕೇಳಿದರೂ ಇಲ್ಲ, ಹಾಡು ಹೇಳಿಕೊಟ್ಟರೂ ಇಲ್ಲ. ನಾನು ನನ್ನ ಎಲ್ಲ ವಿದ್ಯೆಗಳನ್ನೂ ತೋರಿಸಿದೆ, ಗೊಂಬೆ ಕುಣಿಸಿದೆ, ಬೆಕ್ಕಿನ ಹಾಗೆ ಕೂಗಿದೆ. ಬೆಕ್ಕಿನ ಕೂಗಿಗೆ ಬೇರೆ ಮಕ್ಕಳು ನಕ್ಕರು, ಅವಳು ಇನ್ನಷ್ಟು ಮುದುಡಿದಳು. ಬೇರೆ ಜಾಗವಿರಲಿಲ್ಲವೆಂದು ಅವಳನ್ನು ಭಾಗ್ಯಾಳ ಬಾಜೂ ಕೂಡಿಸಿದೆ. ಭಾಗ್ಯಾಳ ಬಾಜೂ ಜಾಗವನ್ನು ನಾನೇ ಖಾಲಿ ಇಟ್ಟಿದ್ದೆ, ಕಾರಣ ಹೇಳಬೇಕಾಗಿಲ್ಲ.

ಭಾಗ್ಯಾ ಶುರುಮಾಡಿದಳು. ಕೇಳುವವರು ಹೂಂ ಎನ್ನಲಿ, ಬಿಡಲಿ, ಅವಳಿಗೆ ಅದರ ಗೊಡವೆಯಿಲ್ಲ. ತಮ್ಮ ಆಡುಗಳ ಹೆಸರು, ಅವುಗಳ ಜಗಳ, ಯಾವ ಆಡು ಯಾರ ಮನೆಯ ಹೊದೆಯುವ ಕೌದಿ ತಿಂದಿತು, ಆಯಿ ಹೇಗೆ ಬೈದಳು. ಮೂರು ದಿನ ಬಿಡದೆ ಹೇಳಿದಳು. ನಾಲ್ಕನೆಯ ದಿನ ನಾನು ಹಲಗೆಯ ಮೇಲೆ ಏನೋ ಬರೆಯುತ್ತಿದ್ದೆ, ಹಿಂದೆ ಅವಳ ದನಿ ಹರಿಯುತ್ತಲೇ ಇತ್ತು: "ನಮ್ಮವು ಐದು ಆಡ ಅದಾವ ನೋಡು. ಎಲ್ಲಾ ಕೂಡಿ ಇಪ್ಪತ್ತೆರಡ ಕಾಲು."

"ಇಪ್ಪತ್ತು," ಎಂದಿತು ಒಂದು ಸಣ್ಣ ದನಿ.

ನಾನು ತಿರುಗಲಿಲ್ಲ. ತಿರುಗಿದರೆ ಆ ದನಿ ಓಡಿಹೋಗುತ್ತದೆ ಎಂದು ಭಯ.

"ಇಪ್ಪತ್ತೆರಡು," ಎಂದಳು ಭಾಗ್ಯಾ.

"ಐದ್ ನಾಕ್ಲೆ ಇಪ್ಪತ್ತು!" ಎಂದಳು ಕವಿತಾ. ಈ ಸಲ ದನಿಯಲ್ಲಿ ಸಿಟ್ಟೂ ಇತ್ತು.

ಆಮೇಲೆ ಇಬ್ಬರೂ ಜಗಳಕ್ಕೇ ನಿಂತರು. ಬಿಡುವಿನ ಹೊತ್ತಿಗೆ ಜಗಳ ಬೇವಿನ ಗಿಡದ ಕೆಳಗೆ ಹೋಗಿ, ಅಲ್ಲಿಂದ ನೀರಿನ ನಳಕ್ಕೆ ಹೋಗಿ, ಕೊನೆಗೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಂದರು. ನಾನು ಭಾಗ್ಯಾಳನ್ನು ಬದಿಗೆ ಕರೆದು, ಐದು ಆಡಿಗೆ ಇಪ್ಪತ್ತೆರಡು ಕಾಲು ಹೇಗೆ ಬಂದವು ಎಂದು ಕೇಳಿದೆ. ಕವಿತಾಳನ್ನು ಮಾತಾಡಿಸಲು ಬೇಕೆಂದೇ ತಪ್ಪು ಹೇಳಿರಬಹುದೇ ಎಂಬ ಆಸೆ ನನಗೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಒಂದ ಆಡು ಈಯಾಕ ಹತ್ತಿತ್ತಲ್ರಿ ಅಕ್ಕಾರ. ನಾ ಶಾಲಿಗೆ ಬರೂಮುಂದ ಮರೀದು ಎರಡ ಕಾಲ ಅಷ್ಟ ಹೊರಗ ಬಂದಿದ್ವು."

ನಾನು ತಕ್ಷಣ ಪಾಠ ಶುರುಮಾಡಲಿಲ್ಲ. ಕಿಟಕಿಯ ಬಳಿ ನಿಂತು ದಿನ್ನೆಯ ಕಡೆ ನೋಡಿದೆ. ಅವತ್ತು ದ್ಯಾಮವ್ವ ಆಡುಗಳನ್ನು ಬಿಟ್ಟು ಒಬ್ಬಳೇ ಬಂದಿದ್ದಳು. ಸೆರಗಿನಲ್ಲಿ ಏನನ್ನೋ ಸುತ್ತಿ ಎತ್ತಿಕೊಂಡಿದ್ದಳು. ನನ್ನ ಫೋನಿನಿಂದ ಅವಳ ನಂಬರು ಒತ್ತಿದೆ. ಕೆಂಪು ಸೀರೆ ಒಮ್ಮೆಲೆ ಗಡಬಡಿಸಿತು. ಸೆರಗಿನೊಳಗಿನಿಂದ ನಾಲ್ಕು ಸಣ್ಣ ಕಾಲುಗಳು ಹೊರಗೆ ಜಿಗಿದವು.

"ಯಾರು? ಯಾರ ಮಾತಾಡೂದು?" ಎಂದು ಆ ಕಡೆಯಿಂದ ಕೂಗಿದಳು. ಫೋನು ಇಲ್ಲದಿದ್ದರೂ ಆ ಕೂಗು ನನಗೆ ಕೇಳುತ್ತಿತ್ತು.

ನಾನು ಎಲ್ಲವನ್ನೂ ಹೇಳಿದೆ. ನಾವು ಯಾರೂ ಮಾತಾಡಿಸಲಾಗದ ಕೂಸನ್ನು ಭಾಗ್ಯಾ ಮಾತಾಡಿಸಿದಳು ಎಂದೆ. ಅವಳು ಉತ್ತರಕ್ಕಾಗಿ ಕಾಯದೆ ಮಾತಾಡಿದ್ದಕ್ಕೇ ಆ ಕೂಸಿಗೆ ಹೆದರಿಕೆ ಹೋಯಿತು ಎಂದೆ. ಆ ಕಡೆ ಮರಿ ಒದರುವುದು ಕೇಳುತ್ತಿತ್ತು.

"ಅಂದ್ರ ಅಕಿದು ಬರೇ ವಟವಟ ಅಲ್ಲಂತೀರಿ?"

"ಅಲ್ರಿ ಆಯಿ."

"ಭಾಗಿ ಬಗ್ಗೆನ ಹೇಳಾಕ ಹತ್ತೀರಲ್ಲ? ಬ್ಯಾರೆ ಯಾರ ಮನಿಗೋ ಮಾಡೂ ಫೋನ್ ನನಗ ಬಂದಿಲ್ಲಲ್ಲ?"

"ನಿಮ್ಮ ಭಾಗ್ಯಾನ ಬಗ್ಗೆನ ರೀ."

ದಿನ್ನೆಯ ಮೇಲೆ ಅವಳು ಕೂತದ್ದು ಕಾಣಿಸಿತು. ಆಮೇಲೆ ಇದ್ದಕ್ಕಿದ್ದಂತೆ, "ಯಕ್ಕಾರ, ನಿಮ್ಮವ್ವ ಅದಾರೇನ್ರಿ?" ಎಂದಳು.

"ಅದಾರ್ರಿ. ಅಣ್ಣಿಗೇರ್ಯಾಗ, ನಮ್ಮಣ್ಣನ ಮನ್ಯಾಗ."

"ಅವರ ನಂಬರ ಕೊಡ್ರಿ."

"ಯಾಕ್ರಿ ಆಯಿ?"

"ಯಾಕಂದ್ರ? ಭಾಗೀದು ನನಗ ಹೇಳಾಕ ನೀವ ಇದ್ರಿ. ನಿಮ್ಮದು ನಿಮ್ಮವ್ವಗ ಯಾರ ಹೇಳಬೇಕು?"

ನಾನು ಏನೇನೋ ನೆಪ ಹೇಳಿದೆ. ಅವಳು ಬಿಡಲಿಲ್ಲ, ಭಾಗ್ಯಾಳಿಗೆ ಮಾತು ಬಂದದ್ದು ಎಲ್ಲಿಂದ ಎಂದು ನನಗೆ ಆಗ ತಿಳಿಯಿತು. ಕೊನೆಗೆ ನಂಬರನ್ನು ಚೀಟಿಯಲ್ಲಿ ಬರೆದು ಭಾಗ್ಯಾಳ ಕೈಯಲ್ಲಿ ಕಳಿಸಿದೆ.

ಸಂಜೆ ನಾನು ಬಸ್ಸಿನಲ್ಲಿದ್ದಾಗ ಅವ್ವನ ಫೋನು ಬಂತು. ಎಂಬತ್ತರ ಹತ್ತಿರದ ಹೆಣ್ಣುಮಗಳು, ಹೇಗಿದ್ದೀ ಎಂದೂ ಕೇಳಲಿಲ್ಲ.

"ಏನ್ ಮಾಡ್ಕೊಂಡಿ ಶಾಲ್ಯಾಗ? ಯಾರೋ ಫೋನ್ ಮಾಡಿ ನಿಮ್ಮ ಮಗಳ ಬಗ್ಗೆ ಮಾತಾಡೂದೈತಿ ಅಂದ್ಳು. ನನ್ನ ಎದಿ ಝಲ್ ಅಂತು ನೋಡು. ಕೆಲಸದಾಗಿಂದ ತಗದ್ರೋ ಏನೋ ಅಂದ್ಕೊಂಡೆ."

"ಏನಂದ್ಳು ಅವ್ವಾ?"

"ನಿಮ್ಮ ಮಗಳು ಭಾಳ ಲಕ್ಷ್ಯಗೊಟ್ಟು ಮಕ್ಕಳನ್ನ ನೋಡ್ತಾಳ, ಸುಳ್ಳ ಹೇಳೂದಿಲ್ಲ ಅಂದ್ಳು." "ನೀ ಅಲ್ಲ, ಬ್ಯಾರೆ ಯಾರೋ ಇರಬೇಕಂತ ನಾ ಎರಡ ಸಲ ಹೆಸರ ಕೇಳಿದೆ."

ನೆಟ್‌ವರ್ಕಿನ ಬಗ್ಗೆ ನಾನು ದ್ಯಾಮವ್ವನಿಗೆ ಹೇಳಿದ್ದು ನೆನಪಾಗಿ ಕಿಟಕಿಯ ಹೊರಗೆ ನೋಡಿದೆ. ಬಿತ್ತಿದ ಕಡಲೆ ಬೆಳೆದು ಎರೆಹೊಲದ ತುಂಬ ಕಾಯಿ ಕಟ್ಟಿತ್ತು. ಅವ್ವ ಇನ್ನೂ ಮಾತಾಡುತ್ತಿದ್ದಳು. ಅಣ್ಣನಿಗೆ ಹೇಳಿದ್ದಾಯಿತಂತೆ, ಅವನ ಹೆಂಡತಿ, ನಮ್ಮ ವೈನಿಗೆ ಹೇಳಿದ್ದಾಯಿತಂತೆ, ಬಾಜೂ ಮನೆಯವರಿಗೆ ಹೇಳಲು ಚಪ್ಪಲಿ ಹುಡುಕುತ್ತಿದ್ದಳಂತೆ. ನಾನು ಪಾಸಾದಾಗಲೂ, ನೌಕರಿ ಹತ್ತಿದಾಗಲೂ ಅವ್ವ ಪೇಢೆ ಹಂಚಿದ್ದಳು, ನನ್ನ ಎದುರಿಗೆ ನನ್ನ ಬಗ್ಗೆ ಏನೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಆದರೆ ಆ ಚಪ್ಪಲಿ ಹುಡುಕುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು, ಅದನ್ನು ನಾನು ಇಳಿಯುವ ಊರು ಬರುವವರೆಗೂ ಕೇಳಿದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲೇ ಭಾಗ್ಯಾ ಕಾಯುತ್ತಿದ್ದಳು. ನನ್ನ ಮುಖ, ಕೈ, ಬೆನ್ನು ಎಲ್ಲ ಸುತ್ತು ಹಾಕಿ ನೋಡಿದಳು.

"ಅಕ್ಕಾರ, ನಿಮ್ಮವ್ವ ಹೊಡದ್ರೇನ್ರಿ?"

"ಇಲ್ಲಬೇ," ಎಂದೆ.

"ಮತ್ತ ಶಿರಾ?"

"ಅದೂ ಇಲ್ಲ."

"ಹೋಗ್ಲಿ ಬಿಡ್ರಿ," ಎಂದು ಸಮಾಧಾನ ಹೇಳಿ ಕವಿತಾಳ ಕಡೆ ಓಡಿದಳು.

ನಾನು ನೇರ ಅಂಗಡಿ ಸರ್ ಅವರ ಕೋಣೆಗೆ ಹೋದೆ. ಅವರು ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು, ಮಕ್ಕಳ ಕುಡಿಯುವ ನೀರಿನ ಟಾಕಿಯನ್ನು ತಾವೇ ತಿಕ್ಕಿ ತೊಳೆದು, ಒದ್ದೆಯಾದ ಪ್ಯಾಂಟು ಮಡಚಿಕೊಂಡೇ ಕುರ್ಚಿಯಲ್ಲಿ ಕೂತಿದ್ದರು. ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಯಾರಿಗೂ ಹೇಳಿರಲಿಲ್ಲ.

"ಸರ್, ನಿಮ್ಮ ಮನಿಯವರ ಫೋನ್ ನಂಬರ ಕೊಡ್ರಿ," ಎಂದೆ.

ಅಂಗಡಿ ಸರ್ ಗಡಬಡಿಸಿ ಎದ್ದು ನಿಂತರು. ಮಡಚಿದ ಪ್ಯಾಂಟನ್ನು ಬಿಚ್ಚಿ ಕೆಳಗೆ ಇಳಿಸಿದರು. ಅವರ ಕಣ್ಣು ಒಮ್ಮೆ ಕಿಟಕಿಯ ಗಾಜಿನ ಕಡೆಗೆ ಹೋಗಿ ಬಂತು.

"ಯಾಕ್ರಿ ಅಕ್ಕಾರ?" ಎಂದರು. "ನಾ ಏನ್ ಮಾಡೇನ್ರಿ?"